ಪಕ್ಕದ ಆಸನದವರು

ಮನುಷ್ಯನು ತನ್ನ ನೆರೆಯನ್ನು ಆರಿಸಿಕೊಳ್ಳುವುದರಲ್ಲಿ ಎಷ್ಟು ಎಚ್ಚರಿಕೆಯನ್ನು ವಹಿಸುತ್ತಾನೆಂಬುದನ್ನು ವಾಚಕರು ಬಲ್ಲರು. ಬಾಡಿಗೆಗೆ ಮನೆ ಹಿಡಿಯುವಾಗ ಗೋಡೆ, ನೀರು, ಬೆಳಕುಗಳನ್ನು ನೋಡುವುದಕ್ಕೆ ಮುಂಚೆಯೇ ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸುತ್ತೇವೆ. ಮಕ್ಕಳಿಗೆ ಸಂಬಂಧ ನೋಡುವಾಗಲಂತೂ ಮೂರು ತಲೆಮಾರಿನ ಚರಿತ್ರೆಯನ್ನು ಕೆದಕದೆ ಬಿಡುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಮೇಲೂ ಎಡಬಲಕ್ಕೆ ಯಾರು ಕುಳಿತರೆಂದು ಓರೆಗಣ್ಣಿನಿಂದ ನೋಡುವ ಹಿರಿಯರು ಇಂದಿಗೂ ಇಲ್ಲದಿಲ್ಲ. ಇಷ್ಟೆಲ್ಲ ವಿಚಾರಮಾಡುವ ಅದೇ ಮನುಷ್ಯನು ಒಂದು ಟಿಕೆಟು ಕೊಂಡು ಬಸ್ಸನ್ನೋ ರೈಲನ್ನೋ ಹತ್ತಿದನೆಂದರೆ, ಹೆಸರು ಕುಲ ಊರು ಒಂದನ್ನೂ ಅರಿಯದ ಒಬ್ಬರ ಭುಜಕ್ಕೆ ಭುಜ ತಾಗಿಸಿಕೊಂಡು ಆರು ಗಂಟೆಗಳ ಕಾಲ, ಕೆಲವು ಸಲ ಇಡೀ ರಾತ್ರಿ, ಕುಳಿತಿರುತ್ತಾನೆ. ತೂಕಡಿಸಿದಾಗ ಅವರ ಹೆಗಲಿನ ಮೇಲೆ ತಲೆಯನ್ನು ವಾಲಿಸುವುದೂ ಉಂಟು. ನಮ್ಮ ಸಮಾಜಜೀವನದಲ್ಲಿ ಇಷ್ಟು ದೊಡ್ಡ ಸಂಗತಿಯು ಇಷ್ಟು ಸದ್ದಿಲ್ಲದೆ ನಡೆದುಹೋಗುವುದನ್ನು ನಾವು ಬೇರೆ ಕಡೆ ಕಾಣೆವು. ಆದುದರಿಂದ ಈ ತಿಂಗಳು ಪಕ್ಕದ ಆಸನದವರ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ತೋರಿತು.

ಆಸನವನ್ನು ಹಿಡಿಯುವ ಶಾಸ್ತ್ರವು ನಮ್ಮ ನಾಡಿನಲ್ಲಿ ಬಹಳ ಮುಂದುವರಿದಿದೆ. ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿರುವಾಗಲೇ ಅದರ ಜೊತೆಯಲ್ಲಿ ಓಡುತ್ತ ಕಿಟಕಿಯೊಳಗಿಂದ ಟವೆಲನ್ನು ಎಸೆಯುವವರನ್ನು ನೋಡದವರಾರು? ಆ ಟವೆಲು ಬಿದ್ದ ಜಾಗವು ಅವರದಾಯಿತು. ಇದಕ್ಕೆ ಕಾನೂನಿನ ಆಧಾರವೇನೂ ಇಲ್ಲ. ಆದರೂ ಒಳಗೆ ಮೊದಲು ಹತ್ತಿದವನು ಟವೆಲನ್ನು ಕಂಡು ಗೊಣಗಿಕೊಂಡು ಮುಂದಿನ ಸಾಲಿಗೆ ಹೋಗುತ್ತಾನೆ. ರಾಜಕೀಯದವರು ಅಧಿಕಾರದ ಕುರ್ಚಿಗೆ ಮುಂಚಿತವಾಗಿ ಆಸೆಪಡುವುದನ್ನು ‘ಟವೆಲ್ ಹಾಕುವುದು’ ಎಂದು ಪತ್ರಿಕೆಗಳು ಕರೆಯುವಷ್ಟರಮಟ್ಟಿಗೆ ಈ ಪದ್ಧತಿಯು ಭಾಷೆಯಲ್ಲಿ ನೆಲೆಸಿದೆ.

ಹೀಗೆ ಜಗಳಮಾಡಿ ಹಿಡಿದ ಜಾಗವನ್ನೇ ಮರುಕ್ಷಣದಲ್ಲಿ ಹಂಚಿಕೊಳ್ಳುವುದು ನಮ್ಮ ಜನರ ಇನ್ನೊಂದು ಸ್ವಭಾವ. ಮಂಡ್ಯದ ಕಡೆ “ವಸಿ ಜರುಗಿ” ಎನ್ನುವರು. ಧಾರವಾಡದ ಕಡೆ “ತುಸು ಸರೀರಿ” ಎನ್ನುವರು. ಬೆಂಗಳೂರಿನಲ್ಲಿ “ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ” ಎಂಬುದೇ ಮಂತ್ರ. ಈ ಮಾತು ಕಿವಿಗೆ ಬಿದ್ದ ಕೂಡಲೆ ಮೂವರ ಆಸನವು ನಾಲ್ವರದಾಗುತ್ತದೆ. ಮುಂಬಯಿಯ ಲೋಕಲ್ ರೈಲಿನಲ್ಲಿ ಮೂವರಿಗೆಂದು ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವರು ಅರ್ಧ ದೇಹವನ್ನು ಹೊರಗೆ ಬಿಟ್ಟುಕೊಂಡು ಕುಳಿತುಕೊಳ್ಳುವುದು ಒಂದು ಹಕ್ಕೇ ಆಗಿಹೋಗಿದೆ. ಅಲ್ಲಿನ ನಮ್ಮ ಕನ್ನಡಿಗ ಬಂಧುಗಳು ಇದನ್ನು ದಿನವೂ ಅನುಭವಿಸುತ್ತಿರುವರು. ಅಂಗುಲಗಳನ್ನು ಬಿಟ್ಟುಕೊಡುವ ವಿಷಯದಲ್ಲಿ ನಮ್ಮವರು ಜಿಪುಣರಲ್ಲ. ಆದರೆ ಅಂಗುಲಗಳನ್ನು ಕೊಟ್ಟಮೇಲೆ ಅವುಗಳ ಬೆಲೆಯಾಗಿ ಒಂದು ಪ್ರಶ್ನೆಯನ್ನು ಕೇಳುವುದುಂಟಷ್ಟೆ. ನಮ್ಮ ಮನಸ್ಸನ್ನು ಕಾಡುವುದು ಆ ಪ್ರಶ್ನೆಯೇ ಆದುದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕಾಗಿದೆ.

ಎತ್ತಿನಗಾಡಿಯ ಕಾಲದಲ್ಲಿ ಅಪರಿಚಿತರ ಪಕ್ಕದಲ್ಲಿ ಕುಳಿತುಕೊಳ್ಳುವ ಸಂದರ್ಭವೇ ಅಪೂರ್ವವಾಗಿತ್ತು. ಗಾಡಿಯು ಮನೆಯದು, ಇಲ್ಲವೆ ಊರಿನದು. ಅದರಲ್ಲಿ ಕುಳಿತವರೆಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿನ ದಂಡಿಗೆ ಕಂಬಿ ಬಂದಿತು. 1882ರಲ್ಲಿ ಬೆಂಗಳೂರು ಮೈಸೂರುಗಳಿಗೆ ಸಂಪರ್ಕವಾಯಿತು. ಈ ಹೊಗೆಬಂಡಿಯು ಹಣದ ಲೆಕ್ಕದಲ್ಲಿ ದರ್ಜೆಗಳನ್ನು ಮಾಡಿತು. ಬಿಳಿಯರಿಗೆಂದು ಬೇರೆ ಡಬ್ಬಿಗಳನ್ನೂ ಇಟ್ಟಿತು. ಆದರೆ ಮೂರನೆಯ ದರ್ಜೆಯ ಹಲಗೆಯ ಮೇಲೆ ಕುಲಕ್ಕೊಂದು ಗೆರೆಯನ್ನು ಎಳೆಯುವುದು ಅದರ ಕೈಲಾಗಲಿಲ್ಲ. ಟಿಕೆಟು ಕೊಡುವ ಗುಮಾಸ್ತನು ದುಡ್ಡನ್ನು ಎಣಿಸಿಕೊಂಡನೇ ಹೊರತು ಗೋತ್ರವನ್ನು ಕೇಳಲಿಲ್ಲ. ಒಂದೇ ಹಲಗೆಯ ಮೇಲೆ ಒತ್ತಿಕೊಂಡು ಬಂದವರು ನಿಲ್ದಾಣದಲ್ಲಿ ಇಳಿದ ಕೂಡಲೆ ‘ಹಿಂದೂ ನೀರು’, ‘ಮುಸ್ಲಿಂ ನೀರು’ ಎಂದು ಬೇರೆಬೇರೆ ಕಡೆಗೆ ಚದರಿ ಹೋಗುತ್ತಿದ್ದುದು ಆ ಕಾಲದ ಒಂದು ವಿನೋದ, ವಿನೋದವೆನ್ನುವುದಕ್ಕಿಂತ ವಿಷಾದ. ಮೂರನೆಯ ದರ್ಜೆ ಎಂಬ ಹೆಸರೇ 1974ರಲ್ಲಿ ತೊಲಗಿತು.

ರೈಲು ಕೇಳದ ಪ್ರಶ್ನೆಯನ್ನು ಗಾಡಿಯು ಕೇಳಿದ ಒಂದು ಪ್ರಸಂಗವನ್ನು ಡಾಕ್ಟರ್ ಅಂಬೇಡ್ಕರರು ತಮ್ಮ ಬಾಲ್ಯದ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಅದು ಸುಮಾರು 1901ನೆಯ ಇಸವಿಯ ಮಾತು. ಸಾತಾರಾದಲ್ಲಿದ್ದ ಬಾಲಕ ಭೀಮರಾವ್ ಅಣ್ಣನೊಡನೆಯೂ ಬಂಧುಗಳಾದ ಹುಡುಗರೊಡನೆಯೂ ಗೋರೆಗಾಂವ್ ಎಂಬಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಹೊರಟನು. ಹೊಸ ಬಟ್ಟೆ ತೊಟ್ಟ ಹುಡುಗರು ರೈಲಿನಲ್ಲಿ ಸಂತೋಷವಾಗಿ ಪ್ರಯಾಣಮಾಡಿ ಮಸೂರ್ ನಿಲ್ದಾಣದಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ಟರು ಮೊದಲು ವಿಶ್ವಾಸದಿಂದಲೇ ವಿಚಾರಿಸಿದನು; ಹುಡುಗರ ಉಡುಪನ್ನು ಕಂಡು ಮೇಲುಜಾತಿಯವರೆಂದೇ ಎಣಿಸಿದ್ದನು. ಮಹಾರರೆಂದು ಹುಡುಗರು ಮುಗ್ಧವಾಗಿ ಹೇಳಿದೊಡನೆ ಅವನ ಮುಖವು ಮಾರ್ಪಟ್ಟಿತು. ಹೊರಗೆ ಬಾಡಿಗೆಗಾಡಿಗಳು ಬೇಕಾದಷ್ಟಿದ್ದವು, ಒಬ್ಬನೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಡುವುದೆಂದೂ, ಗಾಡಿಯನ್ನು ಹುಡುಗರೇ ಹೊಡೆದುಕೊಳ್ಳಬೇಕೆಂದೂ, ಗಾಡಿಯವನು ಪಕ್ಕದಲ್ಲಿ ನಡೆದು ಬರುವನೆಂದೂ ಒಪ್ಪಂದವಾಯಿತು. ತನ್ನ ಗಾಡಿಯಲ್ಲಿ ತಾನೇ ಕುಳಿತುಕೊಳ್ಳದೆ ಧೂಳಿನಲ್ಲಿ ನಡೆಯುವುದಕ್ಕೆ ಅವನು ಸಿದ್ಧನಾದನು, ಮಕ್ಕಳ ಪಕ್ಕದಲ್ಲಿ ಕೂಡುವುದಕ್ಕೆ ಸಿದ್ಧನಾಗಲಿಲ್ಲ! ದುಡ್ಡು ಮಾತ್ರ ಅವನಿಗೆ ಮೈಲಿಗೆಯಾಗಲಿಲ್ಲ. ಆ ಹುಡುಗನೇ ಮುಂದೆ ಈ ದೇಶದ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷನಾದನೆಂಬುದನ್ನು ನಾವು ಹೇಳಬೇಕಾದುದಿಲ್ಲ.

ಇದಕ್ಕೆ ಎಂಟು ವರ್ಷಗಳ ಹಿಂದೆ, 1893ರಲ್ಲಿ, ದಕ್ಷಿಣ ಆಫ್ರಿಕದಲ್ಲಿ ನಡೆದುದನ್ನು ಎಲ್ಲರೂ ಬಲ್ಲರು. ಆದರೆ ಅರ್ಧವನ್ನು ಮಾತ್ರ ಬಲ್ಲರು. ಜೂನ್ 7ರ ರಾತ್ರಿ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಗಾಂಧಿಯವರನ್ನು ರೈಲಿನಿಂದ ಹೊರಗೆ ತಳ್ಳಿದ ಕತೆಯು ಶಾಲೆಯ ಪುಸ್ತಕದಲ್ಲಿದೆ. ಅದೇ ಪ್ರಯಾಣದ ಮುಂದಿನ ಘಟ್ಟದಲ್ಲಿ, ಚಾರ್ಲ್ಸ್‌ಟೌನಿನಿಂದ ಹೊರಟ ಕುದುರೆಯ ಸಾರೋಟಿನಲ್ಲಿ, ಆದುದು ಅದಕ್ಕಿಂತ ಕ್ರೂರವಾದುದು. ಒಳಗೆ ಬಿಳಿಯ ಪ್ರಯಾಣಿಕರೊಡನೆ ಕೂಡಿಸದೆ ಅವರನ್ನು ಹೊರಗೆ ಸಾರಥಿಯ ಪಕ್ಕದಲ್ಲಿ ಕೂಡಿಸಿದರು. ಅದನ್ನು ಅವರು ನುಂಗಿಕೊಂಡರು. ನಡುದಾರಿಯಲ್ಲಿ ಸಾರೋಟಿನ ಮೇಲ್ವಿಚಾರಕನಿಗೆ ಹೊರಗೆ ಕುಳಿತು ಹೊಗೆಬತ್ತಿ ಸೇದಬೇಕೆನ್ನಿಸಿತು. ಕಾಲಿಡುವ ಹಲಗೆಯ ಮೇಲೆ ಕೊಳಕು ಗೋಣಿಯನ್ನು ಹಾಸಿ ಅಲ್ಲಿ ಕೂಡೆಂದನು. ಅದಕ್ಕೆ ಮಾತ್ರ ಒಪ್ಪದೆ ಗಾಂಧಿಯವರು ಹಿತ್ತಾಳೆಯ ಕಂಬಿಯನ್ನು ಹಿಡಿದುಕೊಂಡು ಏಟು ತಿಂದರು. ಆಗ ಅವನನ್ನು ತಡೆದವರು ಯಾರು? ಒಳಗಿದ್ದ ಬಿಳಿಯ ಪ್ರಯಾಣಿಕರೇ ಕೆಲವರು. ಹೊರಗೆ ಇರಕೂಡದಾದರೆ ತಮ್ಮ ಬಳಿಯಲ್ಲೇ ಬಂದು ಕೂಡಲಿ ಎಂದು ಅವರು ಹೇಳಿದರೆಂದು ಗಾಂಧಿಯವರೇ ಆತ್ಮಕಥೆಯಲ್ಲಿ ಬರೆದಿರುವರು. ನಿಯಮವು ಕೊಡಲೊಲ್ಲದ ಜಾಗವನ್ನು ಹೆಸರಿಲ್ಲದ ಸಹಪ್ರಯಾಣಿಕರು ಕೊಡಲು ಬಂದರು. ಶಾಲೆಯ ಪುಸ್ತಕದಲ್ಲಿ ಅವರ ಪ್ರಸ್ತಾಪವಿಲ್ಲದಿರುವುದು ನಮಗೆ ಕೊರತೆಯಾಗಿಯೇ ತೋರುತ್ತದೆ.

ನಮ್ಮ ಸೀಮೆಯಲ್ಲಿ ರೈಲು ಮುಟ್ಟದ ಹಳ್ಳಿಗಳನ್ನು ಮೋಟಾರು ಬಸ್ಸು ಮುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವವಾದಾಗ ಇದ್ದಿಲಿನ ಅನಿಲದಿಂದ ಓಡುತ್ತಿದ್ದ ಆ ಬಸ್ಸುಗಳನ್ನು ನೆನೆಯುವ ಹಿರಿಯರು ಈಗ ಬೆರಳೆಣಿಕೆಯಷ್ಟು ಮಂದಿ. 1948ರಲ್ಲಿ ಮೈಸೂರು ಸರ್ಕಾರವೇ ಬಸ್ಸುಗಳನ್ನು ನಡೆಸಲು ತೊಡಗಿತು. ಇಂದು ಕಂಡಕ್ಟರನು ಯಾರನ್ನೂ ಯಾವ ಆಸನದಿಂದಲೂ ಕುಲದ ಕಾರಣದಿಂದ ಏಳಿಸಲಾರನು. ಹಾಗೆ ಮಾಡಿದರೆ ಅದು ಅಪರಾಧ. ಹಾಗಾದರೆ ಎಲ್ಲವೂ ನೇರ್ಪಟ್ಟಿತೆ? ನಾವು ಕೆಲವು ಕಾಲದ ಹಿಂದೆ ಮಂಡ್ಯದ ಕಡೆಯ ಒಂದು ಬಸ್ಸಿನಲ್ಲಿ ಕಂಡುದನ್ನು ಹೇಳುವೆವು.

ನಮ್ಮ ಮುಂದಿನ ಆಸನದಲ್ಲಿ ಕಿಟಕಿಯ ಪಕ್ಕಕ್ಕೆ ಒಬ್ಬ ಮುದುಕಿ ಕುಳಿತಿದ್ದಳು. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ನಡುವೆ ಒಂದು ಊರಿನಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ತರುಣಿಯೊಬ್ಬಳು ಹತ್ತಿದಳು. ಮುದುಕಿಯು ತಾನಾಗಿಯೇ ಸರಿದು, “ಬಾರವ್ವ, ಕೂತ್ಕೊ, ಎಷ್ಟೊತ್ತು ನಿಂತಿದ್ದೀಯ” ಎಂದು ಕರೆದಳು. ತರುಣಿ ಕುಳಿತಳು. ಮಾತಿಗೆ ಮಾತು ಬೆಳೆಯಿತು. ಯಾವೂರು, ಏನು ಕೆಲಸ, ಮದುವೆ ಆಯಿತೆ, ಅಪ್ಪ ಅವ್ವ ಏನು ಮಾಡುತ್ತಾರೆ. ಹುಡುಗಿಯು ಆಸ್ಪತ್ರೆಯೊಂದರಲ್ಲಿ ದಾದಿಯಂತೆ. ಮುದುಕಿಗೆ ಮಂಡಿನೋವು, ಅದಕ್ಕೆ ಏನು ಹಚ್ಚಬೇಕೆಂದು ಹುಡುಗಿಯು ವಿವರವಾಗಿ ಹೇಳಿದಳು. ಮುದುಕಿಯ ಮುಖದಲ್ಲಿ ಮೊಮ್ಮಗಳನ್ನು ಕಂಡಷ್ಟು ಸಂತೋಷ. ಆಮೇಲೆ ಆ ಪ್ರಶ್ನೆ ಬಂದಿತು.

“ನೀವು ಯಾವ ಜನ ಕಣವ್ವ?”

“ನಮ್ಮದು ಮಳವಳ್ಳಿ ತಾಲ್ಲೂಕು, ಅಜ್ಜಿ.”

“ಊರಲ್ಲ ಕಣವ್ವ, ಜನ ಯಾವ್ದು ಅಂದೆ.”

ಹುಡುಗಿಯು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಬಸ್ಸಿನಲ್ಲಿ ಇಳಿಯುವ ಊರನ್ನು ಹೇಳಿದಂತೆ ಹೇಳಿದಳು. ಮುದುಕಿಯು “ಓ” ಎಂದಳು. ಸ್ವಲ್ಪ ಹೊತ್ತಿನ ಬಳಿಕ ತೊಡೆಯ ಮೇಲಿದ್ದ ಚೀಲವನ್ನು ತೆಗೆದು ತಮ್ಮಿಬ್ಬರ ನಡುವೆ ಇಟ್ಟುಕೊಂಡಳು. ಹುಡುಗಿಯು ಅದನ್ನು ನೋಡಿದಳು. ಕಿವಿಗೆ ತಂತಿಯನ್ನು ಸಿಕ್ಕಿಸಿಕೊಂಡು ಮುಂದೆ ನೋಡುತ್ತ ಕುಳಿತಳು. ಮುಂದಿನ ಅರ್ಧ ಗಂಟೆ ಇಬ್ಬರಲ್ಲಿಯೂ ಮಾತಿಲ್ಲ. ಮುದುಕಿಯು ಇಳಿಯುವ ಊರು ಬಂದಾಗ ಚೀಲವನ್ನು ಎತ್ತಿಕೊಂಡು, ಹುಡುಗಿಯ ಭುಜವನ್ನೇ ಹಿಡಿದು ಎದ್ದು, “ಬತ್ತೀನಿ ಕಣವ್ವ, ಹುಷಾರಾಗಿ ಹೋಗು” ಎಂದಳು. ಹುಡುಗಿಯು “ಹೂಂ, ಮಂಡಿಗೆ ಹಚ್ಚೋದ ಮರೀಬೇಡಿ ಅಜ್ಜಿ” ಎಂದಳು.

ಚೀಲವನ್ನು ನಡುವೆ ಇಟ್ಟವಳು ನಿಜವಾದ ಮುದುಕಿಯೋ, ಭುಜವನ್ನು ಹಿಡಿದು ಎದ್ದವಳು ನಿಜವಾದ ಮುದುಕಿಯೋ? ಎರಡೂ ನಿಜವೆಂದೇ ನಮಗೆ ತೋರುತ್ತದೆ. ಆಕೆಯಲ್ಲಿ ದ್ವೇಷವಿರಲಿಲ್ಲ. ಕೈ ತಾನಾಗಿಯೇ ಚೀಲದ ಕಡೆಗೆ ಹೋಯಿತು. ಎಪ್ಪತ್ತು ವರ್ಷಗಳ ಅಭ್ಯಾಸ. ಆದರೆ ಹುಡುಗಿಯ ಪಾಲಿಗೆ ಆ ಚೀಲದ ತೂಕವು ಅಭ್ಯಾಸವೆಂದ ಮಾತ್ರಕ್ಕೆ ಕಡಮೆಯಾಗುವುದಿಲ್ಲ. ಓದುಬರಹ ಬಲ್ಲ ನಮ್ಮಂಥವರು ಇದನ್ನೇ ನಯವಾಗಿ ಮಾಡುತ್ತೇವೆ. “ತಮ್ಮ ಕಡೆಯವರು ಯಾರು?”, “ಮನೆದೇವರು ಯಾವುದು?”, “ಊಟಕ್ಕೆ ಮೊಟ್ಟೆ ಗಿಟ್ಟೆ ಅಭ್ಯಾಸವುಂಟೆ?” ಎಂದು ಸುತ್ತುಬಳಸಿ ಬಂದು ಅದೇ ಬಾಗಿಲನ್ನು ತಟ್ಟುತ್ತೇವೆ. ಉತ್ತರವು ಮನಸ್ಸಿಗೆ ಒಪ್ಪಿದರೆ ಸಂಬಂಧ ಹುಡುಕುತ್ತೇವೆ. ಒಪ್ಪದಿದ್ದರೆ ಕಿಟಕಿಯ ಹೊರಗಿನ ಪ್ರಕೃತಿಸೌಂದರ್ಯವು ನಮ್ಮನ್ನು ಫಕ್ಕನೆ ಸೆಳೆದುಕೊಳ್ಳುತ್ತದೆ. ಮಕ್ಕಳು ಪಕ್ಕದಲ್ಲಿ ಕುಳಿತು ಇದೆಲ್ಲವನ್ನೂ ಕಲಿಯುತ್ತಿರುತ್ತಾರೆ. ಅವರಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ಬುತ್ತಿಯ ವಿಷಯವೂ ಇದಕ್ಕೆ ಸೇರಿದುದೇ. ಪ್ರಯಾಣಕ್ಕೆಂದು ಗೃಹಿಣಿಯು ಕಟ್ಟಿಕೊಟ್ಟ ಪುಳಿಯೋಗರೆ, ಚಪಾತಿ, ಉತ್ತರದ ಕಡೆಯ ಸಜ್ಜೆರೊಟ್ಟಿ ಶೇಂಗಾಚಟ್ನಿಗಳನ್ನು ಬಿಚ್ಚಿದಾಗ ಎದುರಿಗೆ ಕುಳಿತವರಿಗೆ “ತೆಗೆದುಕೊಳ್ಳಿ” ಎನ್ನದೆ ತಿನ್ನುವುದು ನಮ್ಮಲ್ಲಿ ಅಸಭ್ಯತೆ. ಹಿಂದೆ ಇದನ್ನು ಮಡಿಯ ಕಾರಣದಿಂದ ನಿರಾಕರಿಸುವವರಿದ್ದರು. ಈಗ ಮಡಿಯು ಕಡಮೆಯಾಯಿತೆನ್ನುವಷ್ಟರಲ್ಲಿ ಮತ್ತೊಂದು ಕಾರಣವು ಬಂದು ನಿಂತಿದೆ. ಅಪರಿಚಿತರು ಕೊಟ್ಟ ತಿಂಡಿ ಪಾನೀಯಗಳನ್ನು ಮುಟ್ಟಬೇಡಿರೆಂದು ನಿಲ್ದಾಣಗಳಲ್ಲಿ ಎಚ್ಚರಿಸುವರು. ಮತ್ತು ಬರುವ ಬಿಸ್ಕತ್ತನ್ನೋ ಚಹವನ್ನೋ ಕೊಟ್ಟು ಸಾಮಾನನ್ನು ಅಪಹರಿಸುವ ದುಷ್ಟರು ಇರುವುದರಿಂದ ಆ ಎಚ್ಚರಿಕೆಯು ಯೋಗ್ಯವಾದುದೇ. ನಿರಾಕರಣೆಯು ಹಾಗೆಯೇ ಉಳಿಯಿತು, ಕಾರಣ ಮಾತ್ರ ಬದಲಾಯಿತು. ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವನ್ನು ನಾವು ಒಬ್ಬ ಅನುಭವಸ್ಥ ಗೃಹಿಣಿಯಲ್ಲಿ ಕಂಡೆವು. ಆಕೆ ತನ್ನ ಡಬ್ಬಿಯ ಜೊತೆಗೆ ಒಂದು ಚಿಪ್ಪು ಬಾಳೆಯ ಹಣ್ಣನ್ನು ತಪ್ಪದೆ ಇಟ್ಟುಕೊಳ್ಳುವಳು. ಸುಲಿಯದ ಬಾಳೆಯ ಹಣ್ಣಿಗೆ ಮಡಿಯವರ ಆಕ್ಷೇಪಣೆಯೂ ಇಲ್ಲ, ಮದ್ದು ಬೆರೆಸಿದ್ದಾರೆಂಬ ಶಂಕೆಗೂ ಆಸ್ಪದವಿಲ್ಲ. ಸಿಪ್ಪೆಯನ್ನು ಕಿಟಕಿಯಿಂದ ಎಸೆಯದೆ ಕಾಗದದಲ್ಲಿ ಕಟ್ಟಿಟ್ಟುಕೊಂಡರೆ ಈ ಸತ್ಕಾರವು ಪೂರ್ಣವಾದಂತೆ.

ಇನ್ನು ಹೆಂಗಸರ ಮಾತು. ಆಸನವನ್ನು ಹಂಚಿಕೊಳ್ಳುವುದು ಎಂದಾಗ ಯಾರ ಪಾಲಿನಿಂದ ಹಂಚುತ್ತೇವೆ ಎಂಬುದನ್ನು ನೋಡಬೇಕು. ಇಬ್ಬರ ಆಸನದಲ್ಲಿ ಗಂಡಸು ಮಂಡಿಗಳನ್ನು ಅಗಲಿಸಿ, ತೋಳನ್ನು ಹಿಂದಿನ ಒರಗಿನ ಮೇಲೆ ಚಾಚಿ ಕುಳಿತರೆ, ಪಕ್ಕದ ಹೆಂಗಸು ಕಿಟಕಿಯ ಸರಳಿಗೆ ಒತ್ತಿಕೊಂಡು ಕುಗ್ಗಿಹೋಗುತ್ತಾಳೆ. ಆಕೆಯೂ ಕೈಚೀಲವನ್ನು ನಡುವೆ ಇಟ್ಟುಕೊಳ್ಳುತ್ತಾಳೆ. ಮೇಲೆ ಹೇಳಿದ ಮುದುಕಿಯ ಚೀಲಕ್ಕೂ ಈ ಚೀಲಕ್ಕೂ ಇರುವ ಅಂತರವನ್ನು ವಾಚಕರು ತಾವೇ ತಿಳಿಯುವರು. ಕೆಲವು ಗಂಡಸರು ನಿದ್ರೆಯ ನಟನೆಯಿಂದ ಮಾಡುವ ಕೀಳುತನವನ್ನು ಇಲ್ಲಿ ವಿವರಿಸುವುದಕ್ಕೆ ನಮಗೆ ಲೇಖನಿ ಏಳದು; ಆದರೆ ನಮ್ಮ ಸೋದರಿಯರಲ್ಲಿ ಅದನ್ನು ಅನುಭವಿಸದವರು ವಿರಳ. ಆಗ ಸುಮ್ಮನೆ ಎದ್ದು ಬೇರೆ ಕಡೆ ನಿಲ್ಲುವುದೇ ಮರ್ಯಾದೆಯೆಂದು ತಾಯಂದಿರು ಹೆಣ್ಣುಮಕ್ಕಳಿಗೆ ಬೋಧಿಸುತ್ತ ಬಂದಿರುವರು. ಈ ಬೋಧನೆಯನ್ನು ನಾವು ಒಪ್ಪಲಾರೆವು. ತಪ್ಪು ಮಾಡಿದವನು ಕುಳಿತೇ ಇರುವುದು, ತಪ್ಪಿಲ್ಲದವಳು ಏಳುವುದು ಯಾವ ಮರ್ಯಾದೆ? ಗಟ್ಟಿಯಾಗಿ “ಸರಿಯಾಗಿ ಕೂತ್ಕೊಳ್ಳಿ” ಎನ್ನಬೇಕು, ಕಂಡಕ್ಟರನನ್ನು ಕರೆಯಬೇಕು. ರೈಲಿನಲ್ಲಾದರೆ 139, ಎಲ್ಲಿಯಾದರೂ ಸರಿ 112 ಎಂಬ ದೂರವಾಣಿ ಸಂಖ್ಯೆಗಳನ್ನು ಮನೆಯ ಮಕ್ಕಳೆಲ್ಲರಿಗೂ ಬಾಯಿಪಾಠ ಮಾಡಿಸುವುದು ಒಳ್ಳೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೆಯ ಕಲಮುಗಳು ಇಂಥ ಕೃತ್ಯಗಳಿಗೇ ಸಂಬಂಧಿಸಿದವು. ಪ್ರತಿಯೊಂದು ಪ್ರಯಾಣಿಕರ ರೈಲಿನಲ್ಲಿಯೂ ಹೆಂಗಸರಿಗೆಂದೇ ಜಾಗವನ್ನು ಗುರುತಿಸಿಡಬೇಕೆಂದು 1989ರ ರೈಲ್ವೆ ಕಾಯಿದೆಯು ಹೇಳುತ್ತದೆ.

ರಾತ್ರಿಯ ಬಸ್ಸುಗಳಿಗೆ ಮುಂಗಡವಾಗಿ ಜಾಗ ಕಾದಿರಿಸುವಾಗ, ಜೋಡಿ ಆಸನದಲ್ಲಿ ಒಂದನ್ನು ಹೆಂಗಸರು ಹಿಡಿದರೆ ಇನ್ನೊಂದನ್ನು ಹೆಂಗಸರಿಗೇ ಬಿಡುವ ಏರ್ಪಾಡು ಈಗ ಸಾಮಾನ್ಯವಾಗಿದೆ. ಹಿಂದೆ ಇದೇ ಕೆಲಸವನ್ನು ಬಸ್ಸಿನೊಳಗಿನ ಯಾರೋ ಒಬ್ಬ ಅಜ್ಜಿಯು “ನೀನು ಈ ಕಡೆ ಬಾರಮ್ಮ, ಅವರು ಅಲ್ಲಿ ಕೂತ್ಕೊಳ್ಳಲಿ” ಎಂದು ಇಡೀ ಬಸ್ಸನ್ನೇ ಎಬ್ಬಿಸಿ ಕೂಡಿಸಿ ಮಾಡುತ್ತಿದ್ದಳು. ಯಂತ್ರವು ಅಜ್ಜಿಯಿಂದಲೇ ಕಲಿತಿರಬೇಕು.

2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆಯು ಆರಂಭವಾಗಿ, ಇಲ್ಲಿನ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟು ಹಿಡಿದು ಹೊರಟಾಗ, ಗಂಡಸರಿಗೆ ಕೂಡಲು ಜಾಗವೇ ಇಲ್ಲವಾಯಿತೆಂಬ ಕೂಗು ಎದ್ದಿತು. ದೂರದ ಊರುಗಳ ಬಸ್ಸುಗಳಲ್ಲಿ ಅರ್ಧದಷ್ಟು ಆಸನಗಳನ್ನು ಗಂಡಸರಿಗೆಂದು ಕಾದಿಡಬೇಕೆಂದು ಸರ್ಕಾರದ ಆಜ್ಞೆಯಲ್ಲಿಯೇ ಇದ್ದಿತು. ನೂಕುನುಗ್ಗಲು ನಿಜವೇ, ಬಸ್ಸುಗಳ ಸಂಖ್ಯೆ ಸಾಲದೆಂಬುದೂ ನಿಜವೇ. ಆದರೆ ಧರ್ಮಸ್ಥಳಕ್ಕೋ ಮಲೆಮಹದೇಶ್ವರನ ಬೆಟ್ಟಕ್ಕೋ ಹೊರಟ ಮಧ್ಯವಯಸ್ಸಿನ ಹೆಂಗಸರು, ಗಂಡನ ಬೆನ್ನ ಹಿಂದೆ ಅಲ್ಲ, ತಮ್ಮಂಥದೇ ಇನ್ನೊಬ್ಬ ಅಪರಿಚಿತಳ ಪಕ್ಕದಲ್ಲಿ ಕುಳಿತು, ಊರು ಬೇರೆಯಾದರೂ ಒಂದೇ ಆಗಿರುವ ತಮ್ಮ ಕಷ್ಟಸುಖಗಳನ್ನು ಹೇಳಿಕೊಳ್ಳುತ್ತಿದ್ದುದನ್ನು ನಾವು ನೋಡಿರುವೆವು. ಅದನ್ನು ನೋಡಿದಮೇಲೆ, ನಿಂತು ಪ್ರಯಾಣ ಮಾಡಬೇಕಾಯಿತೆಂಬ ಗಂಡಸರ ದೂರಿನಲ್ಲಿ ನಮಗೆ ಅಷ್ಟೊಂದು ಸಹಾನುಭೂತಿ ಹುಟ್ಟಲಿಲ್ಲ.

ಅಪರಿಚಿತರೊಡನೆ ಆಸನವನ್ನು ಹಂಚಿಕೊಳ್ಳುವ ಪರೀಕ್ಷೆಗಳಲ್ಲೆಲ್ಲ ಕಠಿನವಾದುದು ರೈಲಿನ ಆರ್.ಎ.ಸಿ. ಎಂಬ ಟಿಕೆಟು. ಇದರ ಅರ್ಥವಿಷ್ಟೆ: ಪ್ರಯಾಣವು ಖಂಡಿತ, ಮಲಗುವುದು ಮಾತ್ರ ದೈವೇಚ್ಛೆ. ಓಣಿಯ ಪಕ್ಕದ ಕೆಳಗಿನ ಹಾಸುಗೆಯನ್ನು ಇಬ್ಬರಿಗೆ ಕೊಡುವರು. ಹಗಲಿನಲ್ಲಿ ಅದು ಎದುರುಬದುರಾದ ಎರಡು ಕುರ್ಚಿ. ಬೆನ್ನಿನ ಹಲಗೆಗಳನ್ನು ಮಡಚಿ ಸೇರಿಸಿದರೆ ಒಬ್ಬರು ಮಲಗುವಷ್ಟು ಹಾಸುಗೆ. ಇಬ್ಬರಿಂದಲೂ ಪೂರ್ತಿ ದರವನ್ನು ತೆಗೆದುಕೊಳ್ಳುವರು. ಯಾರಾದರೂ ಟಿಕೆಟು ರದ್ದುಮಾಡಿಸಿದರೆ, ಇಲ್ಲವೆ ಹತ್ತಬೇಕಾದವರು ಹತ್ತದೆ ಉಳಿದರೆ, ಟಿಕೆಟು ಪರೀಕ್ಷಕನು ಇವರಲ್ಲಿ ಒಬ್ಬರಿಗೆ ಆ ಜಾಗವನ್ನು ಕೊಡುವನು. ಅದುವರೆಗೆ ಇಬ್ಬರೂ ಕಪ್ಪು ಕೋಟಿನವನ ದಾರಿಯನ್ನು ಕಾಯುತ್ತ ಒಬ್ಬರನ್ನೊಬ್ಬರು ಅಳೆಯುತ್ತ ಕುಳಿತಿರುತ್ತಾರೆ.

ರೈಲ್ವೆಯವರು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಲಗುವ ಹೊತ್ತೆಂದು 2017ರಲ್ಲಿ ಗೊತ್ತುಮಾಡಿದರು. ಅದಕ್ಕೆ ಮುಂಚೆ ರಾತ್ರಿ 9ರಿಂದಲೇ ಇತ್ತು. ಆ ಹೊತ್ತಿನ ಹೊರಗೆ ಕೆಳಗಿನ ಹಾಸುಗೆಯು ಕೂಡುವವರೆಲ್ಲರದು. ನಡುವಿನ ಹಾಸುಗೆಯನ್ನು ಸಂಜೆಯೇ ಬಿಚ್ಚಿಕೊಂಡರೆ ಕೆಳಗಿನವರು ಕತ್ತನ್ನು ಬಗ್ಗಿಸಿಕೊಂಡು ಕೂಡಬೇಕಾಗುವುದರಿಂದ ಇಂಥದೊಂದು ನಿಯಮವು ಬೇಕಾಯಿತು. ರೋಗಿಗಳು, ಗರ್ಭಿಣಿಯರು, ಅಂಗವಿಕಲರು ಹೊತ್ತಿಗೆ ಮುಂಚೆ ಮಲಗಬಯಸಿದರೆ ಉಳಿದವರು ಸಹಕರಿಸಬೇಕೆಂದೂ ಅದರಲ್ಲಿದೆ. ಮೇಲಿನ ಹಾಸುಗೆಯವರಿಗೂ ಕೆಳಗಿನವರಿಗೂ ಹೀಗೆ ಗಂಟೆ ನಿಮಿಷಗಳ ಲೆಕ್ಕವುಂಟು. ಆದರೆ ಒಂದೇ ಹಾಸುಗೆಯನ್ನು ಹಂಚಿಕೊಂಡ ಇಬ್ಬರಲ್ಲಿ ಯಾರು ಮಲಗಬೇಕು, ಯಾರು ಕೂಡಬೇಕು, ಯಾರ ಕಾಲು ಯಾವ ಕಡೆಗೆ ಎಂಬುದನ್ನು ಅವರಿಬ್ಬರೇ ತೀರ್ಮಾನಿಸಿಕೊಳ್ಳಬೇಕು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿಯ ಗಾಡಿಯೊಂದರಲ್ಲಿ ಇಂಥ ತೀರ್ಮಾನವೊಂದನ್ನು ನಾವು ಓಣಿಯ ಈಚೆಯಿಂದ ಕಂಡೆವು. ಒಬ್ಬರು ಎಪ್ಪತ್ತರ ಸಮೀಪದ ಹಿರಿಯರು, ಧೋತ್ರ ಟೋಪಿಗಳವರು, ಹಾವೇರಿಗೆ ಹೊರಟವರು. ಇನ್ನೊಬ್ಬನು ಇಪ್ಪತ್ತೈದರ ಹುಡುಗ, ಬೀರೂರಿನಲ್ಲಿ ಇಳಿಯತಕ್ಕವನು. ಹುಡುಗನು ಹಗಲೆಲ್ಲ ಕೆಲಸಮಾಡಿ ನೇರವಾಗಿ ನಿಲ್ದಾಣಕ್ಕೆ ಬಂದಿದ್ದನೆಂದು ಅವನ ಕಣ್ಣುಗಳೇ ಹೇಳುತ್ತಿದ್ದವು. ಪರೀಕ್ಷಕನು ಬಂದು, ಗಾಡಿ ತುಂಬಿದೆಯೆಂದು ಹೇಳಿ ಹೋದನು.

“ನೀವು ಮಲಗ್ರಿ ಯಜಮಾನ್ರೇ, ನಾನು ಕೂತಿರ್ತೀನಿ” ಎಂದನು ಹುಡುಗ.

“ನನಗ ನಿದ್ದಿ ಬರೂದ ಎರಡು ತಾಸು. ಅದೂ ನಸಿಕಿನ್ಯಾಗ. ನೀ ಮಲಕೋ ತಮ್ಮಾ” ಎಂದರು ಹಿರಿಯರು.

ಹುಡುಗನು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಮರ್ಯಾದೆಗಾಗಿ ನೆಟ್ಟಗೆ ಕುಳಿತಿದ್ದರು. ತುಮಕೂರು ದಾಟುವಷ್ಟರಲ್ಲಿ ಹುಡುಗನ ತಲೆಯು ಕಿಟಕಿಗೆ ಬಡಿಯತೊಡಗಿತು. ಹಿರಿಯರು ಎದ್ದು ನಿಂತು, ಹಲಗೆಗಳನ್ನು ತಾವೇ ಮಡಚಿ ಸೇರಿಸಿ, ಅವನ ಭುಜವನ್ನು ಹಿಡಿದು ಒರಗಿಸಿದರು. ತಾವು ಕಾಲಿನ ಕಡೆಯ ಮೂಲೆಯಲ್ಲಿ ಒಂದು ಗೇಣು ಜಾಗವನ್ನು ಉಳಿಸಿಕೊಂಡು, ಶಾಲನ್ನು ಹೊದೆದು, ಅವನ ಪಾದಗಳು ತಮ್ಮ ತೊಡೆಗೆ ತಾಗುತ್ತಿದ್ದರೂ ಲಕ್ಷಿಸದೆ ಕುಳಿತರು. ಹೊರಗೆ ಕತ್ತಲು, ಒಳಗೆ ನೀಲಿಯ ಚಿಕ್ಕ ದೀಪ. ಅವರು ಅವನನ್ನು ಕೇಳಿದ್ದುದು ಒಂದೇ ಪ್ರಶ್ನೆ: ಎಲ್ಲಿ ಇಳಿಯಬೇಕು ಎಂಬುದು.

ಅರಸೀಕೆರೆಯಲ್ಲಿ ಗಾಡಿ ನಿಂತಾಗ ಹಿರಿಯರು ಕಿಟಕಿಯ ಗಾಜಿಗೆ ಮುಖವನ್ನು ಒತ್ತಿ ಫಲಕವನ್ನು ಓದಿದರು, ಸುಮ್ಮನಾದರು. ನಾವು ಕಣ್ಣು ಮುಚ್ಚಿದೆವು. ಮತ್ತೆ ಎಚ್ಚರವಾದಾಗ ಅವರು ಹುಡುಗನ ಪಾದವನ್ನು ಮೆಲ್ಲಗೆ ಅಲುಗಿಸುತ್ತ, “ಏಳೋ ತಮ್ಮಾ, ಬೀರೂರು ಬಂತು” ಎನ್ನುತ್ತಿದ್ದರು. ಅವನು ಗಾಬರಿಯಿಂದ ಎದ್ದು, ಚಪ್ಪಲಿಯನ್ನು ತಡಕಿ, ಚೀಲವನ್ನು ಹೆಗಲಿಗೇರಿಸಿ, ಓಣಿಯಲ್ಲಿ ಓಡಿದನು. ಗಾಡಿಯು ಇನ್ನೂ ನಿಂತಿತ್ತು. ಒಂದು ನಿಮಿಷದ ಮೇಲೆ ಹೊರಗಿನಿಂದ ಯಾರೋ ಕಿಟಕಿಯನ್ನು ತಟ್ಟಿದರು. ಅದೇ ಹುಡುಗ. ಗಾಜಿನ ಆಚೆಯಿಂದ ಮಾತು ಕೇಳಿಸಲಿಲ್ಲ. ಎರಡು ಅಂಗೈಗಳನ್ನು ಸೇರಿಸಿ ಕೆನ್ನೆಯ ಕೆಳಗೆ ಇಟ್ಟುಕೊಂಡು, ಇನ್ನು ನೀವು ಮಲಗಿರಿ ಎಂದು ಸನ್ನೆಮಾಡಿ ತೋರಿಸಿದನು. ಹಿರಿಯರು ತಲೆಯಾಡಿಸಿ, ಟೋಪಿಯನ್ನು ತೆಗೆದು ಕೊಕ್ಕೆಗೆ ಹಾಕಿ, ಕಾಲು ಚಾಚಿದರು.